ಆರಿದ್ರಾ ಚೇರ್ಮನ್

ಬಾಲಗಾಂವದ ಹಾಲಿನ ಸಂಘದ ಚೇರ್ಮನ್ ಅಮೋಘಸಿದ್ದಪ್ಪನವರಿಗೆ ಆಕಾಶದಲ್ಲಿ ಸ್ವಂತದ್ದೊಂದು ನಕ್ಷತ್ರವಿತ್ತು. ಊರಲ್ಲಿ ಹೊಲ ಇದ್ದವರು, ಎಮ್ಮೆ ಇದ್ದವರು, ಎರಡಂತಸ್ತಿನ ಮನೆ ಇದ್ದವರು ಬೇಕಾದಷ್ಟು ಜನರಿದ್ದರು. ನಕ್ಷತ್ರ ಇದ್ದವರು ಮಾತ್ರ ತಾವೊಬ್ಬರೇ ಎಂದು ಅವರು ಚಹಾದಂಗಡಿಯಲ್ಲಿ ಕೂತು ಹೇಳುತ್ತಿದ್ದರು. ಎಲ್ಲರ ಚಹಾವೂ ಅವರ ಲೆಕ್ಕದಲ್ಲೇ ಆಗುತ್ತಿದ್ದುದರಿಂದ ಯಾರೂ ಇಲ್ಲವೆನ್ನುತ್ತಿರಲಿಲ್ಲ.

ನಕ್ಷತ್ರ ಅವರ ಕೈಗೆ ಬಂದದ್ದು ಹೀಗೆ. ಅವರದು ಕುರಿಗಾರರ ಮನೆತನ. ಆಗಿನ ಕಾಲದ ಕುರಿಗಾರರ ಮಕ್ಕಳು ಆಸ್ಪತ್ರೆಯಲ್ಲಿ ಹುಟ್ಟುತ್ತಿರಲಿಲ್ಲ. ಕುರಿ ಎಲ್ಲಿ ತಂಗಿದೆಯೋ ಅಲ್ಲಿ, ಯಾವ ಮಳೆ ನಡೆದಿದೆಯೋ ಆ ಮಳೆಯಲ್ಲಿ ಹುಟ್ಟುತ್ತಿದ್ದರು. ತಾರೀಖು ಕೇಳಿದರೆ ತಾಯಿ ತಲೆ ಕೆರೆದುಕೊಳ್ಳುತ್ತಿದ್ದಳು, ಮಳೆ ಕೇಳಿದರೆ ಥಟ್ಟನೆ ಹೇಳುತ್ತಿದ್ದಳು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಎಲ್ಲರಿಗೂ ಜೂನ್ ಒಂದು ಎಂದು ಬರೆದು ಕೈತೊಳೆದುಕೊಂಡಿದ್ದರು. ಹೀಗಾಗಿ ಊರಿನ ಅರ್ಧಕ್ಕರ್ಧ ಗಂಡಸರು ಕಾಗದದ ಮೇಲೆ ಒಂದೇ ದಿನ, ರೋಹಿಣಿ ಮಳೆಯಲ್ಲಿ, ಸಾಲಾಗಿ ಹುಟ್ಟಿಬಿಟ್ಟಿದ್ದರು.

ಅಮೋಘಸಿದ್ದಪ್ಪನವರು ಈ ಸಾಲಿನಲ್ಲಿ ನಿಲ್ಲಲು ಒಪ್ಪಿದವರಲ್ಲ. ಅವರು ಐದಾರು ವರ್ಷದವರಿದ್ದಾಗ ಅವ್ವ ಕಾಳವ್ವ ನೆರೆಮನೆಯವಳ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದುದನ್ನು ಕಿವಿಯಾರೆ ಕೇಳಿದ್ದರು.

"ಆರಿದ್ರಾ ಮಳ್ಯಾಗ ಹುಟ್ಟಿದ್ದು, ಯವ್ವಾ! ಎದಿ ಏನು, ಕುತ್ತಿಗಿ ಏನು! ಎದುರಿಗಿ ಬಂದವರನ್ನ ಬಿಟ್ಟಿದ್ದ ಇಲ್ಲ."

ಹುಡುಗ ರೊಟ್ಟಿ ತಿನ್ನುತ್ತ ತನ್ನ ಎದೆ ನೋಡಿಕೊಂಡ, ಕುತ್ತಿಗೆ ಮುಟ್ಟಿಕೊಂಡ. ಅಂದಿನಿಂದ ಆರಿದ್ರಾ ಅವನ ಪಾಲಿಗೆ ಬಂತು. ಆಮೇಲೆ ಎದೆ ಅಷ್ಟೇನೂ ಬೆಳೆಯಲಿಲ್ಲ, ಹೊಟ್ಟೆ ಬೆಳೆಯಿತು. ಅದೂ ಆರಿದ್ರಾದ ಪ್ರಭಾವವೇ ಎಂದು ಅವರು ಸಮಾಧಾನ ಮಾಡಿಕೊಂಡಿದ್ದರು.

ಎರಡು ಸಾವಿರದ ಇಪ್ಪತ್ತರ ಹೊಸ ವರ್ಷಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಅವರದೊಂದು ದೊಡ್ಡ ಫ್ಲೆಕ್ಸ್ ಎದ್ದಿತು. ಊರಿನ ಮಾತು ಕನ್ನಡ, ಸರಕಾರ ಮರಾಠಿ; ಹಾಗಾಗಿ ಮೇಲೆ ಮರಾಠಿಯಲ್ಲಿ ಶುಭೇಚ್ಛೆ, ಕೆಳಗೆ ಕನ್ನಡದಲ್ಲಿ "ಆರಿದ್ರಾ ನಕ್ಷತ್ರದ ಧ್ರುವತಾರೆ", ನಡುವೆ ಅವರ ಮುಖ, ಮುಖದ ಹಿಂದೆ ಕೆಂಪಗೆ ಉರಿಯುವ ನಕ್ಷತ್ರ. ಒಂದು ನಕ್ಷತ್ರದಲ್ಲಿ ಇನ್ನೊಂದು ನಕ್ಷತ್ರ ಹೇಗೆ ಹುಟ್ಟಿತೆಂದು ಯಾರೂ ಕೇಳಲಿಲ್ಲ. ಜತ್ತಿನ ಫ್ಲೆಕ್ಸ್ ಅಂಗಡಿಯ ಸೋಮನಾಥ ಬಣ್ಣ ಬಳಿಯುವುದರಲ್ಲಿ ಕಂಜೂಸಿ ಮಾಡಿರಲಿಲ್ಲ. ಮುಖಕ್ಕೂ ನಕ್ಷತ್ರಕ್ಕೂ ಒಂದೇ ಕೆಂಪು ಬಿದ್ದಿತ್ತು.

ಇಷ್ಟೆಲ್ಲ ಏಕೆಂದರೆ ಚಳಿಗಾಲ ಮುಗಿಯುವುದರೊಳಗೆ ಸಂಘಕ್ಕೆ ಹೊಸದಾಗಿ ಚೇರ್ಮನ್‌ರನ್ನು ಆರಿಸುವುದಿತ್ತು. ಅಮೋಘಸಿದ್ದಪ್ಪನವರಿಗೆ ಆ ಕುರ್ಚಿ ಬೇಕಿತ್ತು. ಕುರ್ಚಿ ಇದ್ದರೆ ತಾವು ಚೇರ್ಮನ್ ಸಾಹೇಬರು, ಇಲ್ಲದಿದ್ದರೆ ಹೊಟ್ಟೆ ದೊಡ್ಡದಿರುವ ಒಬ್ಬ ಮುದುಕ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಂಘದ ಡೈರೆಕ್ಟರುಗಳ ಮನಸ್ಸೋ ಈ ಸಲ ವೈಸ್ ಚೇರ್ಮನ್ ಅಪ್ಪಾಸಾಹೇಬರ ಕಡೆ ವಾಲಿತ್ತು. ಅಪ್ಪಾಸಾಹೇಬರು ತೆಳ್ಳಗೆ, ಎತ್ತರಕ್ಕೆ, ಮೆತ್ತಗೆ ಮಾತಾಡುವ ಮನುಷ್ಯ. ಹುಟ್ಟಿದ್ದು ಮಾಸ್ತರರು ಬರೆದ ರೋಹಿಣಿಯಲ್ಲಿ.

"ಅಪ್ಪಾಸಾಹೇಬ್ರ, ಸಂಜಿಮುಂದ ಒಮ್ಮಿ ತೆಲಿ ಎತ್ತಿ ನೋಡ್ರಿ" ಎಂದು ಅಮೋಘಸಿದ್ದಪ್ಪನವರು ಚಹಾದಂಗಡಿಯಲ್ಲಿ ಎಲ್ಲರ ಎದುರು ಅಂದಿದ್ದರು. "ಮೂರು ಚುಕ್ಕಿ ಸಾಲಾಗಿ ಕಾಣ್ತಾವಲ್ಲ, ಅದರ ಒಂದು ಬಾಜೂಕ ನನ್ನ ಆರಿದ್ರಾ. ಅದರಾಚೆ ನಿಮ್ಮ ರೋಹಿಣಿ. ಎರಡೂ ಕೆಂಪನ್ನೂವ. ದೊಡ್ಡದು ಯಾವುದು, ಸಣ್ಣದು ಯಾವುದು ನೀವ ಹೇಳ್ರಿ."

ಅಪ್ಪಾಸಾಹೇಬರು, "ನಿಮ್ಮದ ದೊಡ್ಡದರಿ ಚೇರ್ಮನ್‌ರ" ಎಂದು ಚಹಾ ಕುಡಿದು ಎದ್ದುಹೋಗಿದ್ದರು. ಆಕಾಶವೇ ತಮಗೆ ಓಟು ಹಾಕಿತೆಂದು ಅಮೋಘಸಿದ್ದಪ್ಪನವರು ಇನ್ನೊಂದು ಚಹಾ ತರಿಸಿದರು.

ಸಂಕ್ರಮಣವಾದ ಮೇಲೆ ಊರ ಕನ್ನಡ ಶಾಲೆಯಲ್ಲಿ ಸೋನಾಲಿ ಟೀಚರು ಆಕಾಶ ದರ್ಶನದ ಕಾರ್ಯಕ್ರಮ ಇಟ್ಟರು. ಮುಖ್ಯ ಅತಿಥಿಗಳು ಚೇರ್ಮನ್ ಸಾಹೇಬರೇ. ಅವರು ಕೇಳಿ ಪಡೆದ ಗೌರವ ಅದು. ಹೊತ್ತು ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಶಾಲೆಯ ಬಯಲಲ್ಲಿ ಹಾಸಿದ ತಾಡಪತ್ರೆಯ ಮೇಲೆ ಊರೇ ಕೂತಿತ್ತು. ಅಮೋಘಸಿದ್ದಪ್ಪನವರು ನಕ್ಷತ್ರಗಳ ಬಗ್ಗೆ ಮಾತಾಡಲು ನಿಂತು, ನಡುವೆ ಹಾಲಿನ ಫ್ಯಾಟಿನ ಕಡೆ ಹೊರಳಿ, ಮತ್ತೆ ಹೇಗೋ ನಕ್ಷತ್ರಕ್ಕೆ ಬಂದು ಮುಟ್ಟಿದರು.

"ಟೀಚರ, ಉಳಿದದ್ದೆಲ್ಲಾ ಆಮ್ಯಾಲ. ಮೊದಲ ನಮ್ಮ ಆರಿದ್ರಾ ತೋರಸ್ರಿ ಮಂದಿಗಿ."

ಸೋನಾಲಿ ಟೀಚರು ಹಿಂದೆಮುಂದೆ ನೋಡಿದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಸಾಹೇಬ್ರ, ಈ ವರ್ಷ ಆರಿದ್ರಾ ಮಂಕಾಗೇತ್ರಿ. ಇದ್ದ ಬೆಳಕಿನಾಗ ಅರ್ಧಾ ಸೈತ ಉಳದಿಲ್ಲ. ಜಗತ್ತಿನಾಗಿನ ಖಗೋಳದವರೆಲ್ಲಾ ಅದನ್ನ ನೋಡ್ಲಾಕತ್ತಾರ. ಅಲ್ಲಿ ನೋಡ್ರಿ, ರೋಹಿಣಿಗಿಂತ ಕಡಿಮಿ ಕಾಣ್ತೈತಿ."

ಊರೆಲ್ಲ ತಲೆಯೆತ್ತಿತು. ಮಾತು ಖರೆ ಇತ್ತು. ಅಪ್ಪಾಸಾಹೇಬರ ರೋಹಿಣಿ ಚೊಕ್ಕಾಗಿ ಹೊಳೆಯುತ್ತಿತ್ತು, ಆರಿದ್ರಾ ಎಣ್ಣೆ ತೀರಿದ ಚಿಮಣಿಯಂತೆ ಮಿಣಮಿಣ ಅನ್ನುತ್ತಿತ್ತು.

"ಯಾಕ್ರಿ ಹಿಂಗ?" ಎಂದರು ಡೈರೆಕ್ಟರ್ ರೇವಣ್ಣ. ಯಾವ ಮಾತು ಎಲ್ಲಿ ಕೇಳಬಾರದೋ ಅಲ್ಲೇ ಕೇಳುವುದು ಅವರ ಸ್ವಭಾವ.

"ಅದು ಮುದಿ ನಕ್ಷತ್ರರಿ. ಭಾಳ ಉಬ್ಬೈತಿ. ಸೂರ್ಯಾ ಇದ್ದ ಜಾಗಾದಾಗ ಅದನ್ನ ಇಟ್ಟರ ನಮ್ಮ ಭೂಮಿ ಅದರ ಹೊಟ್ಟ್ಯಾಗ ಹೋಗ್ತೈತಿ. ಒಂದು ದಿವಸ ಒಡದ ಹೋಗೂದರಿ."

"ಯಾವಾಗ್ರಿ?"

"ಲಕ್ಷ ವರ್ಷ ಆಗಬಹುದು, ಅದಕಿಂತ ಮೊದಲೂ ಆಗಬಹುದು."

ಜನ ಆ ಲಕ್ಷ ವರ್ಷವನ್ನು ಬಯಲಲ್ಲೇ ಬಿಟ್ಟು, ಮುದಿಯಾಗಿದೆ, ಉಬ್ಬಿದೆ, ಒಡೆಯುತ್ತದೆ ಎಂಬ ಮೂರನ್ನು ಮಾತ್ರ ಮನೆಗೆ ಒಯ್ದರು. ಹೋಗುವ ಮುಂಚೆ ಎಲ್ಲರ ಕಣ್ಣೂ ಆಕಾಶದಿಂದ ಇಳಿದು ಮುಖ್ಯ ಅತಿಥಿಗಳ ಹೊಟ್ಟೆಯ ಮೇಲೆ ಒಂದು ಗಳಿಗೆ ನಿಂತವು. ಅಮೋಘಸಿದ್ದಪ್ಪನವರು ಕೋಟಿನ ಗುಂಡಿ ಹಾಕಿಕೊಳ್ಳಲು ನೋಡಿದರು. ಅದು ಮೊದಲಿನಿಂದಲೂ ಕೂಡುತ್ತಿರಲಿಲ್ಲ.

ಮರುದಿನದಿಂದ ಮನೆಗೆ ಜನ ಬರತೊಡಗಿದರು. ಬಂದವರು ಕೈಯಲ್ಲಿ ಬಾಳೆಹಣ್ಣು, ಬ್ರೆಡ್ಡು ಹಿಡಿದು, ಜಡ್ಡಿನವರನ್ನು ನೋಡಲು ಬಂದವರ ಹಾಗೆ ಚಪ್ಪಲಿಯ ಸಪ್ಪಳವಾಗದಂತೆ ಒಳಗೆ ಬರುತ್ತಿದ್ದರು. "ಹ್ಯಾಂಗದೀರಿ" ಎಂದು ಕೇಳುವರು. "ನನಗೇನ ಧಾಡಿ?" ಎಂದು ಇವರು ಗುಡುಗಿದರೆ, "ಧೈರ್ಯ ಇರಲಿ" ಎಂದು ಕೈ ಹಿಸುಕಿ ಹೋಗುವರು. ಕರಜಗಿಗೆ ಕೊಟ್ಟ ತಂಗಿ ಮಂಗಲ ಎಸ್‌ಟಿ ಬಸ್ಸಿನಿಂದ ಇಳಿದವಳೇ ಸ್ಟ್ಯಾಂಡಿನಲ್ಲಿ ಫ್ಲೆಕ್ಸು ನೋಡಿ ಅಲ್ಲೇ ಅಳು ಸುರು ಮಾಡಿ, ಮನೆ ಮುಟ್ಟುವವರೆಗೂ ನಿಲ್ಲಿಸಲಿಲ್ಲ. ಅವಳ ಹಿಂದೆ ಅರ್ಧ ಓಣಿ ಬಂತು.

"ಅಣ್ಣಾ, ಒಂದ ಮಾತ ಹೇಳಿ ಕಳಸಬಾರದಿತ್ತೇನೋ!"

"ಏನಂತ ಹೇಳಿ ಕಳಸಲೇ? ಆಕಾಶದಾಗ ಒಂದು ಚುಕ್ಕಿ ಸಣ್ಣ ಆಗೇತಿ, ಲಗೂನ ಬಾ ಅಂತನೇನು?"

"ನೋಡ್ರಿ, ಮಾತಿನಾಗ ಸೈತ ಮೊದಲಿನ ಗತ್ತಿಲ್ಲ" ಎಂದು ಮಂಗಲ ಅತ್ತಿಗೆ ಚನ್ನವ್ವನ ಕೊರಳಿಗೆ ಬಿದ್ದಳು. ಚನ್ನವ್ವ ಗಂಡನನ್ನು ಬಹಳ ವರ್ಷಗಳಿಂದ ಬಲ್ಲವಳು. ಅವಳು ಬ್ರೆಡ್ಡುಗಳನ್ನು ಒಂದರ ಮೇಲೊಂದು ಪೇರಿಸಿಡುತ್ತ, "ಇವರು ದಿನಾ ಎಷ್ಟು ರೊಟ್ಟಿ ತಿಂತಾರ ಕೇಳವ್ವಾ, ಆಮ್ಯಾಲ ಅಳು" ಎಂದಳು.

ಫ್ಲೆಕ್ಸ್ ಸೋಮನಾಥ ಮೋಟರ್‌ಸೈಕಲ್ ಮೇಲೆ ಬಂದು, ನೀರು ಕುಡಿದು, ಸಂಕೋಚದಿಂದ ವಿಷಯಕ್ಕೆ ಬಂದ.

"ಸಾಹೇಬ್ರ, ಇನ್ನೊಂದು ಫೋಟೋ ತಗದ ಇಡೋಣೇನ್ರಿ? ನಗೂದು ಬ್ಯಾಡ, ಸ್ವಲ್ಪ ಗಂಭೀರ ಇರಲಿ. ಗಡಿಬಿಡ್ಯಾಗ ಮನಿಯವರು ಆಧಾರ್ ಕಾರ್ಡಿಂದು ಕೊಡ್ತಾರ. ಶ್ರದ್ಧಾಂಜಲಿಗಿ ಅದು ಚಲೋ ಬರೂದಿಲ್ರಿ."

ಅಮೋಘಸಿದ್ದಪ್ಪನವರು ಅವನನ್ನು ಅಟ್ಟಿಸಿಕೊಂಡು ಡೇರಿಯವರೆಗೂ ಹೋದರು. ಅಲ್ಲಿ ಬೆಳಗಿನ ಹಾಲು ಹಾಕಲು ಊರು ನೆರೆದಿತ್ತು. ಎಲ್ಲರೂ ಸರಿದು ಅವರಿಗೆ ಕೂಡಲು ಜಾಗ ಮಾಡಿಕೊಟ್ಟರು. ಅದು ಅವರಿಗೆ ತಡೆಯಲಾಗಲಿಲ್ಲ.

"ನನಗ ಏನ ಆಗೇತ್ರಲೇ? ನೋಡ್ರಿ ಇಲ್ಲಿ!" ಎಂದು ತುಂಬಿದ ಹಾಲಿನ ಕ್ಯಾನು ಎರಡೂ ಕೈಯಿಂದ ಎತ್ತಿದರು. ಕ್ಯಾನು ಮೊಣಕಾಲಿನ ಮಟ್ಟಕ್ಕೆ ಬಂತು. ಬೆನ್ನಿನಲ್ಲಿ ಚಳಕ್ ಎಂದಿತು. ಕ್ಯಾನು ಕೆಳಗಿಳಿಯಿತು, ಚೇರ್ಮನ್‌ರು ಬಗ್ಗಿದವರು ಬಗ್ಗಿದ ಹಾಗೇ ಉಳಿದರು. ಹಾಲಿನ ಟೆಂಪೋದಲ್ಲಿ ಕ್ಯಾನುಗಳ ನಡುವೆ ಅಡ್ಡ ಮಲಗಿಸಿ ಅವರನ್ನು ಮನೆಗೆ ಒಯ್ದರು. ದಾರಿಯುದ್ದಕ್ಕೂ ಹೆಂಗಸರು ಬಾಗಿಲಿಗೆ ಬಂದು ಕೈಮುಗಿದರು. ಆಕಾಶ ಹೇಳಿದ್ದನ್ನು ಇನ್ನು ಯಾರೂ ಸುಳ್ಳೆನ್ನುವ ಹಾಗಿರಲಿಲ್ಲ.

ಅಂದು ಸಂಜೆ ಅಪ್ಪಾಸಾಹೇಬರು ಬಂದರು. ಅಮೋಘಸಿದ್ದಪ್ಪನವರು ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು ಬೋರಲು ಮಲಗಿದ್ದರು. ಅಪ್ಪಾಸಾಹೇಬರು ಮಂಚದ ಪಕ್ಕ ಕೂತರು. ಮುಲಾಮಿನ ಡಬ್ಬಿಯನ್ನು ಆಚೆ ಸರಿಸಿ, ಮೆತ್ತಗೆ ಮಾತು ತೆಗೆದರು.

"ಚೇರ್ಮನ್‌ರ, ಒಂದ ಮಾತು. ನಾ ನಿಮ್ಮ ವಿರುದ್ಧ ನಿಲ್ಲೂದಿಲ್ರಿ. ನೀವು ಇರೂತನಕ ಆ ಕುರ್ಚಿ ನಿಮ್ಮದ. ಎಲ್ಲಾರಿಗೂ ಹೇಳೀನಿ. ಬಿನವಿರೋಧ ಆಗಲಿ. ಮಳಿಗಾಲದ ತನಕರ ನೆಮ್ಮದಿಯಿಂದ ಕುಂದ್ರಿ."

ಅಮೋಘಸಿದ್ದಪ್ಪನವರ ಮುಖ ದಿಂಬಿನಲ್ಲಿತ್ತು. ಅದರಿಂದ ಒಳ್ಳೆಯದೇ ಆಯಿತು. "ನನಗ ಏನೂ ಆಗಿಲ್ಲ" ಎಂಬ ಮಾತು ತುಟಿಯವರೆಗೆ ಬಂದಿತ್ತು, ಅಲ್ಲೇ ನಿಂತಿತು. ಅವರು ಸ್ವಲ್ಪ ಯೋಚಿಸಿದರು. ಆಮೇಲೆ ದಿಂಬಿನೊಳಗಿನಿಂದಲೇ, ಮೆಲ್ಲಗೆ, ಒಮ್ಮೆ ಕೆಮ್ಮಿದರು.

ಇಲ್ಲಿಂದ ಅವರು ಮಂಕಾಗುವುದನ್ನು ಒಂದು ಕಸುಬಿನ ಹಾಗೆ ಮಾಡಿದರು. ಡೇರಿಗೆ ಶಾಲು ಹೊದ್ದು ಹೋಗುವರು. ಮಾತಿನ ನಡುವೆ ದೂರ ನೋಡುವರು. ಯಾರಾದರೂ ಮುಂದಿನ ವರ್ಷದ ಮಾತೆತ್ತಿದರೆ ಒಂದು ನಗೆ ನಗುವರು, ಕೇಳಿದವರ ಕಣ್ಣು ತುಂಬಬೇಕು. ಅಭ್ಯಾಸ ಎಷ್ಟಾಯಿತೆಂದರೆ ಒಬ್ಬರೇ ಇದ್ದಾಗಲೂ ಎಮ್ಮೆಯ ಮುಂದೆ ಕೆಮ್ಮುತ್ತಿದ್ದರು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಶೇಂಗಾ ಹಿಂಡಿ, ಮೊಸರು, ರೊಟ್ಟಿ ಎಳೆದುಕೊಳ್ಳುವರು.

"ಸಾಯೂ ಮಂದಿಗಿ ಇಷ್ಟ ಹಸಿವು ಇರೂದಿಲ್ರಿ" ಎನ್ನುವಳು ಚನ್ನವ್ವ.

"ಸುಮ್ಮ ಬಡಸು. ಚೇರ್ಮನ್‌ರ ನಿವಡ ಒಂದ ಆಗಲಿ, ಆಮ್ಯಾಲ ಸಾವಕಾಶ ಗುಣ ಆಗ್ತೀನಿ."

ಈ ಗಡಿಬಿಡಿಯಲ್ಲಿ ಅವರು ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಅವ್ವ ಕಾಳವ್ವ ಪಡಸಾಲೆಯ ಮೂಲೆಯಲ್ಲಿ ಕೂತು ಇಡೀ ದಿನ ಎಲೆ-ಅಡಿಕೆ ಕುಟ್ಟುತ್ತಿದ್ದಳು. ಹಲ್ಲಿಲ್ಲದ ಮುದುಕಿಗೆ ಆ ಪುಟ್ಟ ಒರಳೇ ಹಲ್ಲು. ಟಕ್ ಟಕ್ ಎಂಬ ಸಪ್ಪಳ ಮನೆಯ ಗಡಿಯಾರದಂತೆ ನಡೆದಿರುತ್ತಿತ್ತು. ಅದು ನಿಂತುಹೋಗಿತ್ತು. ಮನೆ ಯಾಕೋ ಸಪ್ಪಗಿದೆ ಎಂದು ಅವರಿಗೆ ಅನ್ನಿಸಿತು, ಅದು ತಮ್ಮ ಕೆಮ್ಮಿನ ಪರಿಣಾಮವೆಂದು ಖುಷಿಪಟ್ಟು ಸುಮ್ಮನಾದರು.

ಎಲ್ಲ ಸುಸೂತ್ರ ನಡೆದಿರುವಾಗ ಕಾಕಾನ ಮಗ ಬೀರದೇವ ಬಂದ. ಅವನ ಕುರಿ ಡಫಳಾಪುರದ ಕಡೆಯ ಹೊಲಗಳಲ್ಲಿ ತಂಗಿದ್ದವು. ಸಂತೋಷ ಅವನ ಮುಖದ ತುಂಬ ಇತ್ತು, ಧ್ವನಿಯಂತೂ ಓಣಿಗೆಲ್ಲ ಕೇಳುವಂತಿತ್ತು.

"ಅಣ್ಣಾ, ಗೆದ್ದಿ ನೀ! ದಿನಾ ಸಂಜಿಕ ನೋಡ್ಲಾಕತ್ತೀನಿ, ನಿನ್ನ ಆರಿದ್ರಾ ಮತ್ತ ಬೆಳಕ ಹಿಡದೈತಿ. ಬರೂ ಹಾದ್ಯಾಗ ಎಲ್ಲಾರಿಗೂ ಹೇಳ್ಕೋತ ಬಂದೀನಿ."

ಅಮೋಘಸಿದ್ದಪ್ಪನವರು ಎದ್ದು ಓಣಿಯ ಕಡೆಯ ಬಾಗಿಲು ಹಾಕಿದರು.

ಆ ಸಂಜೆ ಊರಿನ ಯಾವ ಕಟ್ಟೆ ನೋಡಿದರೂ ಕತ್ತು ಮೇಲೆ ಮಾಡಿದವರೇ. ಸುಧಾರಿಸಿದೆ ಎಂದರು ಕೆಲವರು. ಆರುವ ಮುಂಚೆ ಒಮ್ಮೆ ಹಾಗೇ ಉರಿಯುತ್ತದೆ ಎಂದರು ಇನ್ನು ಕೆಲವರು. ಆ ಬೆಳಕು ಹೊರಟು ನಮ್ಮನ್ನು ಮುಟ್ಟಲು ಐದಾರು ನೂರು ವರ್ಷ ಹಿಡಿಯುತ್ತದೆಂದು ಟೀಚರು ಹೇಳಿದ್ದನ್ನು ರೇವಣ್ಣ ನೆನಪಿಸಿದರು. "ಹಂಗಾರ ಚೇರ್ಮನ್‌ರು ಈಗ ಅದಾರೋ ಇಲ್ಲೋ ಅನ್ನೂದು ನಮ್ಮ ಮರಿಮಕ್ಕಳಿಗೇ ಗೊತ್ತಾಗಬೇಕು" ಎಂದರು. ಅಮೋಘಸಿದ್ದಪ್ಪನವರು ಹಿತ್ತಲಲ್ಲಿ ನಿಂತು ಬೀರಪ್ಪ ದೇವರಿಗೆ ಕೈಮುಗಿದರು.

"ಯಪ್ಪಾ ಬೀರಪ್ಪಾ, ನಿವಡ ಆಗೂತನಕ ಅದನ್ನ ಮಂಕ ಇಡೋ."

ಬೀರಪ್ಪನನ್ನು ನಂಬಿಯೂ ಮರುದಿನ ಶಾಲೆಗೆ ಹೋದರು. ಶಾಲು ಮುಖಕ್ಕೆ ಎಳೆದುಕೊಂಡಿದ್ದರು.

"ಟೀಚರ, ಅದು ಮತ್ತ ಯಾವಾಗ ಮಂಕಾಗ್ತೈತಿ?"

"ಹೇಳಾಕ ಬರೂದಿಲ್ರಿ ಸಾಹೇಬ್ರ."

"ಯಾಕ ಬರೂದಿಲ್ಲ? ಅಮಾಸಿ ಹೇಳ್ತೀರಿ, ಹುಣಿವಿ ಹೇಳ್ತೀರಿ, ಗ್ರಹಣ ಹೇಳ್ತೀರಿ. ನನ್ನ ಕೆಲಸ ಬಂದಾಗ ಅಷ್ಟ ಬರೂದಿಲ್ಲೇನು?"

ಸೋನಾಲಿ ಟೀಚರು ನಗು ತಡೆದುಕೊಂಡು ಕುರ್ಚಿ ತೋರಿಸಿದರು.

"ಕುಂದ್ರಿ, ಹೇಳ್ತೀನಿ. ನಮ್ಮ ಸೂರ್ಯಾನ ಮೈ ಮ್ಯಾಲ ಲಕ್ಷಗಟ್ಟಲೆ ಗುಳ್ಳಿ ಕುದೀತಾವ್ರಿ. ಸೂರ್ಯಾನ ಲೆಕ್ಕಕ್ಕ ಅವು ಸಣ್ಣವು. ಒಂದು ತಣ್ಣಗಾದ್ರ ಬಾಜೂಕಿನದು ಬಿಸಿ ಇರ್ತೈತಿ, ಬೆಳಕ ಸಮಾ ಉಳೀತೈತಿ. ಆರಿದ್ರಾ ಉಬ್ಬಿದ ನಕ್ಷತ್ರ. ಅದರ ಮ್ಯಾಲ ಗುಳ್ಳಿ ಎಣಿಕಿಗಿ ಸಿಗೂವಷ್ಟ, ಆದ್ರ ಒಂದೊಂದೂ ಅಗಾಧ. ದೊಡ್ಡ ಬೋಗುಣ್ಯಾಗ ನುಚ್ಚು ಕುದ್ದಂಗ. ಯಾವ ಗುಳ್ಳಿ ಯಾವಾಗ ಏಳತೈತಿ ಯಾರಿಗೂ ಗೊತ್ತಾಗೂದಿಲ್ಲ. ತಣ್ಣಗಿಂದು ನಮ್ಮ ಕಡಿ ಹೊರಳಿತು ಅಂದ್ರ ಮಂಕ."

"ಇಷ್ಟನ?"

"ಇಲ್ರಿ. ಅದು ಉಸರ ಎಳದು ಬಿಟ್ಟಂಗ ಉಬ್ಬತೈತಿ, ಕುಗ್ಗತೈತಿ. ಅದಕ್ಕ ವರ್ಷದ ಮ್ಯಾಲ ಸ್ವಲ್ಪ ಬೇಕು. ಅದಕೊಂದು ತಾಳ ಐತಿ, ಈ ಗುಳ್ಳಿ ನಡುವ ಬಂದು ತಾಳ ತಪ್ಪಸ್ತಾವ. ಮತ್ತ ಅಷ್ಟು ಉಬ್ಬಿದ ಮ್ಯಾಲ ತನ್ನ ಮೈ ತನ್ನ ಹಿಡಿತದಾಗ ಇರೂದಿಲ್ಲ. ಆಗೊಮ್ಮಿ ಈಗೊಮ್ಮಿ ಗ್ಯಾಸು ಹೊರಗ ಹಾಕ್ತೈತಿ. ಅದು ತಣ್ಣಗಾಗಿ ಧೂಳಾಗಿ ಅದರ ಮಾರಿಗೇ ಅಡ್ಡ ನಿಲ್ತೈತಿ. ಈ ಸಲಾನೂ ಹಿಂಗ ಆಗಿರಬೇಕು ಅಂತ ಅಂದಾಜು. ಯಾರೂ ಬಂದು ಅದನ್ನ ಮಂಕ ಮಾಡಿಲ್ರಿ. ತಾನ ಧೂಳ ಎಬ್ಬಿಸಿ, ತಾನ ಅದರ ಹಿಂದ ಅಡಗೇತಿ."

ಅಮೋಘಸಿದ್ದಪ್ಪನವರು ಬೆರಳು ಮಡಿಚಿ ಎಣಿಸಿದರು. ಉಬ್ಬುವುದು, ಕುದಿಯುವುದು, ಹಿಡಿತ ತಪ್ಪುವುದು, ಗ್ಯಾಸು. ಕೊನೆಗೆ ಅನುಮಾನದಿಂದ ಕೇಳಿದರು.

"ಟೀಚರ, ನಮ್ಮ ಮನ್ಯಾಕಿ ನಿಮಗ ಏನರ ಹೇಳ್ಯಾಳೇನು?"

ಚೇರ್ಮನ್‌ರನ್ನು ಆರಿಸುವ ನಿವಡಣೂಕಿಯ ದಿನ ಬಂತು. ಸಂಘದ ಕೋಣೆಯಲ್ಲಿ ತಾಲೂಕಿನಿಂದ ಬಂದ ಅಧಿಕಾರಿ ನಡುವೆ ಕೂತಿದ್ದರು. ಅವರಿಗೆ ಮರಾಠಿ ಬರುತ್ತಿತ್ತು, ಕನ್ನಡ ಅರ್ಧಂಬರ್ಧ ತಿಳಿಯುತ್ತಿತ್ತು. ಡೈರೆಕ್ಟರುಗಳೆಲ್ಲ ಸುತ್ತ ಕೂತಿದ್ದರು. ಕಿಟಕಿಯ ಹೊರಗೆ ಊರು ನಿಂತಿತ್ತು. ಅಮೋಘಸಿದ್ದಪ್ಪನವರು ಶಾಲು, ಮಫ್ಲರು, ಕೈಯಲ್ಲಿ ಕೋಲು ಸಮೇತ ಬಂದು ಕೂತರು. ಅಧಿಕಾರಿ, ಒಬ್ಬರೇ ಉಮೇದುವಾರರು, ಆಕ್ಷೇಪವಿದೆಯೇ ಎಂದು ಕೇಳಿದರು.

ರೇವಣ್ಣ ಎದ್ದರು.

"ಸಾಹೇಬ್ರ, ಅಪ್ಪಾಸಾಹೇಬ್ರು ಹಿಂದ ಸರದಿದ್ದು ಚೇರ್ಮನ್‌ರ ನಕ್ಷತ್ರ ಮಂಕಾಗೇತಿ ಅಂತ. ಈಗ ಅದು ಸುಧಾರಿಸೇತಿ ಅಂತ ಸುದ್ದಿ ಐತಿ. ಅದರ ಖಾತ್ರಿ ಆಗಬೇಕು."

ಅಧಿಕಾರಿ ಪಕ್ಕದವರಿಂದ ಎರಡು ಸಲ ಅರ್ಥ ಮಾಡಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ನಿಯಮಾತ್ ನಕ್ಷತ್ರ ನಾಹೀ" ಎಂದರು.

"ನಿಯಮದಾಗ ಇರಲಿಕ್ಕಿಲ್ರಿ, ಊರಾಗ ಐತಿ" ಎಂದರು ರೇವಣ್ಣ.

ಇದೇ ತಕ್ಕ ಸಮಯವೆಂದು ಅಮೋಘಸಿದ್ದಪ್ಪನವರು ಎದೆಯ ತಳದಿಂದ ಒಂದು ಕೆಮ್ಮು ಎಳೆಯತೊಡಗಿದರು. ಅದು ಅರ್ಧಕ್ಕೆ ಬಂದಿರುವಾಗ ಬಾಗಿಲಲ್ಲಿ ಅವ್ವ ಕಾಣಿಸಿದಳು. ಬೀರದೇವನ ಹೆಗಲು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಬಂದಳು. ಎಲ್ಲರೂ ಎದ್ದು ನಿಂತರು.

"ಮಗಾ ಕುರ್ಚಿ ಮ್ಯಾಲ ಕೂಡೂದು ಇನ್ನೊಮ್ಮಿ ಕಣ್ತುಂಬ ನೋಡಬೇಕು ಅನಿಸಿತು. ಅದಕ್ಕ ಬಂದೀನಿ" ಎಂದಳು.

ಅಪ್ಪಾಸಾಹೇಬರು ಕುರ್ಚಿ ಸರಿಸಿ ಕೂಡಿಸಿ, ತಮ್ಮ ಸಂಚಿ ಬಿಚ್ಚಿ, "ಎಲಿ ಹಾಕ್ರಿ ಆಯಿ" ಎಂದು ಮುಂದೆ ಹಿಡಿದರು. ಮುದುಕಿಯ ಕೈ ತಾನಾಗಿಯೇ ಮುಂದೆ ಹೋಯಿತು, ಮುಟ್ಟುವ ಮೊದಲೇ ಹಿಂದೆ ಬಂತು.

"ಬ್ಯಾಡಪ್ಪಾ. ಬಿಟ್ಟೀನಿ. ಮಗನ ನಕ್ಷತ್ರ ಮೊದಲಿನಂಗ ಹೊಳಿಯೂತನಕ ಎಲಿ ಮುಟ್ಟೂದಿಲ್ಲ ಅಂತ ಬೀರಪ್ಪಗ ಹರಕಿ ಹೊತ್ತೀನಿ."

ಕೆಮ್ಮು ಅಮೋಘಸಿದ್ದಪ್ಪನವರ ಗಂಟಲಲ್ಲೇ ಉಳಿಯಿತು. ಪಡಸಾಲೆ ಯಾಕೆ ಸಪ್ಪಗಿತ್ತೆಂದು ಅವರಿಗೆ ಆಗ ತಿಳಿಯಿತು. ಊಟವನ್ನಾದರೂ ಬಿಟ್ಟಾಳು, ಎಲೆ ಬಿಡುವವಳಲ್ಲ ಅವ್ವ. ನಕ್ಷತ್ರ ಮಂಕಾಗಿರಲಿ ಎಂದು ಮಗ ಯಾವ ಬೀರಪ್ಪನಿಗೆ ಕೈಮುಗಿದಿದ್ದನೋ, ಅವ್ವ ಅದೇ ಬೀರಪ್ಪನಿಗೆ ಮಗ ಹೊಳೆಯಲಿ ಎಂದು ಹರಕೆ ಹೊತ್ತಿದ್ದಳು. ಬೀರಪ್ಪ ಯಾರ ಮಾತು ಕೇಳಿದನೆಂಬುದು ಆಕಾಶದಲ್ಲೇ ಕಾಣುತ್ತಿತ್ತು. ನಾಚಿಕೆಯಿಂದ ಅವರ ಕಿವಿ ಕೆಂಪಾದವು. ಶಾಲು ತೆಗೆದರು, ಮಫ್ಲರು ತೆಗೆದರು, ಕೋಲನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಂತರು.

"ನನಗ ಏನೂ ಆಗಿಲ್ರಿ. ಬೆನ್ನ ಉಳಕಿತ್ತು, ಅದೂ ಬರೋಬರಿ ಆಗೇತಿ. ಅಪ್ಪಾಸಾಹೇಬ್ರು ಹಿಂದ ಸರೀತೀನಿ ಅಂದ ಮ್ಯಾಲ ಕುರ್ಚಿ ಆಸೇಕ ಕೆಮ್ಮಕೋತ ಕುಂತೆ. ಟೀಚರು ಹೇಳಿದ್ದು ಖರೆ ಐತಿ. ಉಬ್ಬಿದವ ನಾ, ಕುದ್ದವ ನಾ, ಧೂಳ ಎಬ್ಬಿಸಿದವನೂ ನಾ. ಆ ಧೂಳಿನ ಹಿಂದ ಅಡಗಿ ಕುಂತವನೂ ನಾನ. ಕ್ಯಾನ ಎತ್ತಾಕ ಹೋದವ ನಾನ ಅನ್ನೂದು ನಿಮಗ ಗೊತ್ತ ಐತಿ. ಅಪ್ಪಾಸಾಹೇಬ್ರ, ಕುರ್ಚಿ ನಿಮ್ಮದು."

ಡೈರೆಕ್ಟರುಗಳೆಲ್ಲ ಅಪ್ಪಾಸಾಹೇಬರ ಕಡೆ ಹೊರಳಿದರು. ಅಧಿಕಾರಿ ಮಾತ್ರ, "ಮ್ಹಣಜೆ ತಬ್ಯೇತ ಠೀಕ ಆಹೇ?" ಎಂದು ಕೇಳಿ ಆರೋಗ್ಯ ನೆಟ್ಟಗಿರುವುದನ್ನು ಖಾತ್ರಿ ಮಾಡಿಕೊಂಡರು. ಕಾಳವ್ವ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹೊರಳಿಸಿ, ಕುರಿಯನ್ನು ನೋಡುವ ಹಾಗೆ ಕಣ್ಣು, ಬಾಯಿ ಎಲ್ಲ ನೋಡಿದಳು. ಅವಳ ಕಣ್ಣಿಂದ ನೀರು ಇಳಿಯಿತು.

"ಗಟ್ಟಿ ಅದಿಯಲ್ಲೋ ಅಮೋಗ್ಯಾ! ಮತ್ತ ಮಂಕಾಗಿದ್ದು ಯಾವ ನಕ್ಷತ್ರ?"

"ಆರಿದ್ರಾ, ಅವ್ವಾ. ನಂದು."

ಕಾಳವ್ವನ ಕೈ ಅವರ ಗಲ್ಲದ ಮೇಲೆಯೇ ನಿಂತಿತು.

"ಆರಿದ್ರಾ ನಿಂದು ಅಂತ ಯಾರು ಹೇಳಿದ್ರು?"

"ನೀನ ಹೇಳಿದ್ದಿಯಲ್ಲಾ. ಆರಿದ್ರಾ ಮಳ್ಯಾಗ ಹುಟ್ಟಿದ್ದು, ಎದಿ ಏನು, ಕುತ್ತಿಗಿ ಏನು, ಎದುರಿಗಿ ಬಂದವರನ್ನ ಬಿಟ್ಟಿದ್ದ ಇಲ್ಲ ಅಂತ."

"ಅದು ನಮ್ಮ ಕರೀ ಟಗರೋ!" ಎಂದು ಮುದುಕಿ ಕೂಗಿದಳು. "ಆರಿದ್ರಾ ಮಳ್ಯಾಗ ಹುಟ್ಟಿದ್ದು ನಮ್ಮ ಕರೀ ಟಗರು! ಅದು ಸತ್ತು ಯಾವ ಕಾಲ ಆತು! ಅಯ್ಯ ನನ ಬಾಳ್ವೇ, ಒಂದು ಟಗರಿನ ಸಲುವಾಗಿ ನಾ ಎಲಿ ಬಿಟ್ಟು ಕುಂತೀನಲ್ಲೋ!"

ಅವಳು ಅಪ್ಪಾಸಾಹೇಬರ ಕೈಯಿಂದ ಸಂಚಿಯನ್ನೇ ಕಸಿದುಕೊಂಡಳು. ಕಿಟಕಿಯ ಹೊರಗೆ ಮೊದಲು ಒಬ್ಬರು ನಕ್ಕರು, ಆಮೇಲೆ ಊರು ನಕ್ಕಿತು. ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕವರು ಅಮೋಘಸಿದ್ದಪ್ಪನವರು. ಹೊಟ್ಟೆ ಕುಣಿಯಿತು, ಬೆನ್ನು ಮತ್ತೊಮ್ಮೆ ಚಳಕ್ ಎಂದಿತು. ಅಧಿಕಾರಿ ಕಾಗದದಲ್ಲಿ ಹೆಸರು ಬದಲಿಸಿ ಬರೆದುಕೊಂಡರು, ಅಪ್ಪಾಸಾಹೇಬರು ಬಿನವಿರೋಧ ಚೇರ್ಮನ್ ಆದರು. ಮಾಜಿ ಚೇರ್ಮನ್‌ರನ್ನು ಅವರೇ ಕೈಹಿಡಿದು ಮನೆಯ ತನಕ ಬಿಟ್ಟುಬಂದರು.

ಸಂಜೆ ಅಮೋಘಸಿದ್ದಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಕುರ್ಚಿ ಹೋದ ಸಂಕಟ ಇನ್ನೂ ಇತ್ತು. ಒಳಗಿನಿಂದ ಟಕ್ ಟಕ್ ಎಂಬ ಸಪ್ಪಳ ಬರುತ್ತಿತ್ತು, ಅದನ್ನು ಕೇಳಿದಷ್ಟೂ ಸಂಕಟ ಇಳಿಯುತ್ತಿತ್ತು. ಮೇಲೆ ಟಗರಿನ ನಕ್ಷತ್ರ ಕೆಂಪಗೆ, ತಿರುಗಿ ಬಂದ ಸೊಕ್ಕಿನಿಂದ ಹೊಳೆಯುತ್ತಿತ್ತು. ಅವ್ವ ಬಾಯಿತುಂಬ ಎಲೆ ಇಟ್ಟುಕೊಂಡು ಬಂದು ಪಕ್ಕದಲ್ಲಿ ಕೂತಳು.

"ಅವ್ವಾ, ಮತ್ತ ನಾ ಯಾವ ಮಳ್ಯಾಗ ಹುಟ್ಟೀನಿ?"

"ನೀ ಹುಟ್ಟಿದಾಗ ಮಳಿ ಎಲ್ಲಿದ್ದೀತೋ? ಸುಡು ಸುಡು ಬ್ಯಾಸಗಿ. ಕರಜಗಿ ಹಾದ್ಯಾಗ ಒಂದು ಬೇವಿನ ಗಿಡದ ಬುಡಕ, ನಡು ಮಧ್ಯಾನ. ಮ್ಯಾಲ ನೋಡಿದ್ರ ಆಕಾಶ ಬರಿದು, ಒಂದು ಚುಕ್ಕಿ ಇದ್ದಿದ್ದಿಲ್ಲ. ಬರೇ ಸೂರ್ಯಾ."

ಅಮೋಘಸಿದ್ದಪ್ಪನವರು ತಲೆ ತಗ್ಗಿಸಿ ಕೂತರು. ಸ್ವಲ್ಪ ಹೊತ್ತಿಗೆ ತಲೆ ತಾನಾಗಿ ಮೇಲೆದ್ದಿತು. ಸೂರ್ಯನೂ ಒಂದು ನಕ್ಷತ್ರ ಎಂದು ಆ ದಿನ ಶಾಲೆಯ ಬಯಲಲ್ಲಿ ಟೀಚರು ಹೇಳಿದ್ದು ಅವರಿಗೆ ನೆನಪಾಯಿತು. ಅದರಲ್ಲಿ ಗುಳ್ಳೆ ಸಣ್ಣವು, ಬೆಳಕು ಸಮ. ಮಂಕಾಗುವ ಭಾನಗಡಿಯೇ ಇಲ್ಲ. ಅವರ ಕೈ ಮೆಲ್ಲಗೆ ಕಿಸೆಯಿಂದ ಫೋನು ತೆಗೆದು ಸೋಮನಾಥನ ನಂಬರು ಹುಡುಕತೊಡಗಿತು.

"ಅವ್ವಾ, ಸೂರ್ಯಾ ಅಂದ್ರ ಎಲ್ಲಾಕಿಂತ ದೊಡ್ಡದಲ್ಲೇನು?"

ಕಾಳವ್ವ ಅಂಗಳದ ಆಚೆಗೆ ಕೆಂಪಗೆ ಉಗುಳಿ, ಮಗನ ಕೈಯಿಂದ ಫೋನು ಕಸಿದು ತನ್ನ ಎಲೆ ಸಂಚಿಯಲ್ಲಿ ಹಾಕಿಕೊಂಡಳು.

"ಅವನೂ ಸಂಜಿಕ ಮನಿಗಿ ಹೋಗ್ಯಾನ. ಏಳು, ಉಣ್ಣಾಕ ನಡಿ."